ಕಬ್ಬಿಣಕ್ಕೂ ದಣಿವುಂಟು

2024ನೆಯ ಆಗಸ್ಟ್ 10ರ ರಾತ್ರಿ, ಹೊಸಪೇಟೆಯ ಬಳಿಯ ತುಂಗಭದ್ರಾ ಅಣೆಕಟ್ಟಿನಲ್ಲಿ 19ನೆಯ ಕ್ರೆಸ್ಟ್ ಗೇಟಿನ ಸರಪಣಿ ತುಂಡಾಗಿ ಗೇಟು ನೀರುಪಾಲಾಯಿತು. ಮುರಿದುದು 33 ಗೇಟುಗಳಲ್ಲಿ ಒಂದು ಮಾತ್ರ. ಆ ಒಂದು ಕಿಂಡಿಯಿಂದಲೇ ಸೆಕೆಂಡಿಗೆ ಸುಮಾರು 35,000 ಘನ ಅಡಿ ನೀರು ನುಗ್ಗಿತು. ಮಿಕ್ಕ ಗೇಟುಗಳನ್ನೂ ತೆರೆದು, ರೈತರ ಬೆಳೆಗೆಂದು ತುಂಬಿದ್ದ ನೀರನ್ನು ಹಗಲಿರುಳು ನದಿಗೆ ಬಿಡಬೇಕಾಯಿತು. ಹಂಪಿಯ ಪುರಂದರ ಮಂಟಪವನ್ನೂ ಕಂಪ್ಲಿಯ ಸೇತುವೆಯನ್ನೂ ಬಲ್ಲವರಿಗೆ, ನದಿಗೆ ಹೆಚ್ಚು ನೀರು ಬಿಟ್ಟರೆ ಏನಾಗುವುದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಒಂದು ವಾರದೊಳಗೆ, ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹೊಸದಾಗಿ ತಯಾರಿಸಿದ ಉಕ್ಕಿನ ತಡೆಹಲಗೆಗಳನ್ನು ಹರಿಯುವ ನೀರಿನಲ್ಲಿಯೇ ಇಳಿಸಿ ಕಿಂಡಿಯನ್ನು ಮುಚ್ಚಲಾಯಿತು. ಆ ಸಾಹಸವನ್ನು ನಾವೆಲ್ಲರೂ ಮೆಚ್ಚಿದೆವು. ಆದರೆ ಮೆಚ್ಚುಗೆಯ ಭರದಲ್ಲಿ ಒಂದು ಪ್ರಶ್ನೆಯನ್ನು ಮರೆಯಬಾರದು. ನಿನ್ನೆ ಹೊತ್ತ ಭಾರವನ್ನು ಇಂದು ಹೊರಲಾರದಂತಾಗುವ ದುರ್ಬಲತೆ ಲೋಹಕ್ಕೆ ಬರುವುದೆಂತು?

‘ಭಾರ ಹೆಚ್ಚಾಗಿರಬೇಕು’ ಎಂದು ವಿದ್ಯಾರ್ಥಿಗಳು ಥಟ್ಟನೆ ಉತ್ತರಿಸುವುದುಂಟು. ಆದರೆ ಭಾರ ಹೆಚ್ಚದೆಯೂ ಲೋಹ ಮುರಿಯಬಲ್ಲುದು. ಒಂದು ತಂತಿಯನ್ನು ಒಮ್ಮೆ ಬಗ್ಗಿಸಿದರೆ ಮುರಿಯದು. ಹಿಂದಕ್ಕೂ ಮುಂದಕ್ಕೂ ಹತ್ತಾರು ಬಾರಿ ಬಗ್ಗಿಸಿದರೆ ಮುರಿಯುತ್ತದೆ. ಜರ್ಮನಿಯ ಆಗಸ್ಟ್ ವೋಲರ್ ಎಂಬ ರೈಲ್ವೆ ಎಂಜಿನಿಯರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಈ ವಿಷಯವನ್ನು ಪ್ರಯೋಗಗಳಿಂದ ಸ್ಥಾಪಿಸಿದನು. ಒಮ್ಮೆಗೆ ಲೀಲಾಜಾಲವಾಗಿ ಹೊರಬಲ್ಲ ಭಾರವನ್ನೇ ಲಕ್ಷಾಂತರ ಬಾರಿ ಹೇರಿ ಇಳಿಸಿದರೆ ರೈಲಿನ ಅಚ್ಚುಗಳು ಮುರಿಯುತ್ತವೆ. ಭಾರವು ಒಂದು ಮಿತಿಯ ಕೆಳಗಿದ್ದರೆ ಮಾತ್ರ ಉಕ್ಕು ಬಹುಕಾಲ ಬಾಳುತ್ತದೆ. ಆದರೆ ಉಕ್ಕು ನೀರಿನಲ್ಲಿ ನೆನೆದು ತುಕ್ಕು ಹಿಡಿಯುತ್ತಿದ್ದರೆ ಆ ಮಿತಿಯ ಅಭಯವೂ ಇಲ್ಲವಾಗುತ್ತದೆ. ಸದಾ ತೇವದಲ್ಲಿರುವ ಗೇಟಿನ ಸರಪಣಿಗೆ ಈ ಮಾತು ಎಷ್ಟು ಅನ್ವಯಿಸುವುದೆಂಬುದನ್ನು ಓದುಗರೇ ಊಹಿಸಬಹುದು.

ಸಂಡೂರಿನ ಅದಿರು ಸಾಗಿಸುವ ಲಾರಿಯೊಂದರ ದಣಿದು ಮುರಿದ ಆಕ್ಸಲು ಸಿಕ್ಕರೆ ಅದರ ಮುಖವನ್ನು ನೋಡಿರಿ. ಒಂದು ಭಾಗ ನುಣುಪಾಗಿ, ಕಪ್ಪೆಚಿಪ್ಪಿನ ಮೇಲಿರುವಂತಹ ಬಾಗು ಗೆರೆಗಳಿಂದ ಕೂಡಿರುತ್ತದೆ; ಅದು ತಿಂಗಳುಗಟ್ಟಲೆ ಬೆಳೆದ ಬಿರುಕು. ಮಿಕ್ಕ ಭಾಗ ಒರಟು. ಅದು ಕೊನೆಯ ಕ್ಷಣದಲ್ಲಿ ಹರಿದದ್ದು. ಜನ ‘ಇದ್ದಕ್ಕಿದ್ದಂತೆ ಮುರಿಯಿತು’ ಎನ್ನುವುದು ಈ ಒರಟು ಭಾಗವನ್ನು ಕುರಿತು ಮಾತ್ರ. ಅಮೆರಿಕದ ಓಹಿಯೋ ನದಿಯ ಮೇಲಿನ ಸಿಲ್ವರ್ ಸೇತುವೆ 1967ರ ಡಿಸೆಂಬರ್ 15ರಂದು ಕುಸಿದು 46 ಜನ ಸತ್ತರು. ಸರಪಣಿಯ ಕೊಂಡಿಯಂತಹ ಒಂದು ಉಕ್ಕಿನ ಪಟ್ಟಿಯಲ್ಲಿದ್ದ, ಸುಮಾರು ಎರಡೂವರೆ ಮಿಲಿಮೀಟರು ಆಳದ ಬಿರುಕೇ ಅದಕ್ಕೆ ಮೂಲ.

ಇಂತಹ ಬಿರುಕು ಬರಿಗಣ್ಣಿಗೆ ಬೀಳುವುದು ಅಪರೂಪ. ಬಣ್ಣ ಬಳಿದರಂತೂ ಪೂರ್ಣ ಮರೆಯಾಗುತ್ತದೆ. ಅದನ್ನು ಹಿಡಿಯುವ ಉಪಾಯಗಳು ಮಾತ್ರ ನಮ್ಮ ಪಠ್ಯಪುಸ್ತಕದ ಭೌತಶಾಸ್ತ್ರವೇ. ಮೈಯನ್ನು ಶುಚಿಮಾಡಿ ಕೆಂಪು ದ್ರವ ಹಚ್ಚಿ ಒರೆಸಿ, ಮೇಲೆ ಬಿಳಿಯ ಪುಡಿ ಹರಡಿದರೆ, ಬಿರುಕಿನೊಳಗೆ ಸೇರಿದ್ದ ದ್ರವ ಹೊರಬಂದು ಕೆಂಪು ಗೆರೆ ಮೂಡುತ್ತದೆ, ಇದು ಕೇಶಾಕರ್ಷಣ. ಉಕ್ಕನ್ನು ಅಯಸ್ಕಾಂತವಾಗಿಸಿ ಕಬ್ಬಿಣದ ಪುಡಿ ಉದುರಿಸಿದರೆ, ಅದು ಬಿರುಕಿನ ಬಳಿ ಸಾಲುಗಟ್ಟುತ್ತದೆ. ಆಳದಲ್ಲಿರುವ ಬಿರುಕನ್ನು ಶ್ರವಣಾತೀತ ಧ್ವನಿಯ ಮರುದನಿ ತಿಳಿಸುತ್ತದೆ.

ಬಳಸಿದ ರಿವಾಲ್ವರೊಂದನ್ನು ಪರವಾನಗಿಯ ಮೇಲೆ ಕೊಳ್ಳುವ ವಿವೇಕಿ, ಗುಂಡು ತುಂಬುವ ಉರುಳೆಯಲ್ಲಿ ಬಿರುಕಿದೆಯೇ ಎಂದು ಬಲ್ಲವರಿಂದ ಪರೀಕ್ಷೆ ಮಾಡಿಸದೆ ಕುದುರೆಯನ್ನು ಎಳೆಯಲಾರನು. ಸಿಡಿದರೆ ಹೋಗುವುದು ತನ್ನ ಕೈ ಎಂಬುದು ಅವನಿಗೆ ಗೊತ್ತು. ಅಣೆಕಟ್ಟಿನ ಸರಪಣಿಯಾದರೋ ಎಲ್ಲರದು. ಎಲ್ಲರದಾದುದು ಯಾರದೂ ಅಲ್ಲವೆಂಬ ಉದಾಸೀನ ನಮ್ಮಲ್ಲಿ ಬೇರೂರಿದೆ. ಮಳೆಗಾಲಕ್ಕೆ ಮುಂಚೆಯೂ ಅನಂತರವೂ ತಪಾಸಣೆ ನಡೆಯಬೇಕೆಂದು 2021ರ ಅಣೆಕಟ್ಟು ಸುರಕ್ಷತಾ ಕಾಯಿದೆ ವಿಧಿಸಿದೆ. ಆದರೆ ನೋಡುವುದು ಬೇರೆ, ಪರೀಕ್ಷಿಸುವುದು ಬೇರೆ. ಪ್ರತಿಯೊಂದು ಕೊಂಡಿಗೂ ಒಂದು ಸಂಖ್ಯೆಯಿರಲಿ. ಅದನ್ನು ಹಾಕಿದ ವರ್ಷ, ಪರೀಕ್ಷೆಯ ದಿನ, ಕಂಡ ದೋಷ ಇವುಗಳ ದಾಖಲೆ ಇರಲಿ. ಆಯುಸ್ಸು ಮುಗಿದುದನ್ನು ಮುರಿಯುವ ಮುನ್ನವೇ ಬದಲಿಸುವ ನಿಯಮವಿರಲಿ. ಇದಕ್ಕೆ ವೆಚ್ಚ ತಗಲುವುದು ನಿಜ. ಗೇಟುಗಳಿಗೆ ಬಿಡುವೆಲ್ಲಿ ಎಂದು ಕೇಳುವವರೂ ಇದ್ದಾರೆ. ಬೇಸಗೆಯಲ್ಲಿ ನೀರು ಗೇಟುಗಳ ತಳಕ್ಕಿಂತ ಕೆಳಗಿಳಿದಿರುವ ತಿಂಗಳುಗಳೇ ಆ ಬಿಡುವು. ವೆಚ್ಚವೋ, ನದಿಗೆ ಹೋದ ನೀರಿನ ಬೆಲೆಯ ಮುಂದೆ ಅಲ್ಪವೇ ಸರಿ.

ಲೋಹ ಮುನ್ಸೂಚನೆ ಕೊಡದೆ ಮುರಿಯುವುದಿಲ್ಲ. ಆ ಸೂಚನೆಯನ್ನು ಕೇಳುವ ಸಾಧನ ನಮ್ಮ ಕೈಯಲ್ಲಿದೆ. ಈ ವಿದ್ಯೆಯನ್ನು ಕಲಿಯುತ್ತಿರುವ ತರುಣರು ನಾಳೆ ತಪಾಸಣೆಯ ಕಾಗದಕ್ಕೆ ಸಹಿ ಹಾಕುವವರಾದಾಗ, ಬಣ್ಣವನ್ನು ಕೆರೆದು ಒಳಗಿನ ಉಕ್ಕನ್ನು ನೋಡಿದ ಮೇಲೆಯೇ ಸಹಿ ಹಾಕಲಿ.