ಪಿನ್ನಿನ ತೂಕ

ರಾಣೆಬೆನ್ನೂರಿನಲ್ಲಿ ನನಗೆ ಪರಿಚಯದ ಪತ್ತಾರರೊಬ್ಬರ ಅಂಗಡಿಯಲ್ಲಿ ಮುರುಕು ಬೆಳ್ಳಿಯ ಡಬ್ಬಿಯೊಂದಿದೆ. ತುಂಡಾದ ಗೆಜ್ಜೆ, ಸವೆದ ಕಾಲುಂಗುರ, ಯಾವುದೋ ಕೂಸಿನ ಉಡದಾರ. ಮೊನ್ನೆ ಅದರಲ್ಲೊಂದು ಪದಕ ಸಿಕ್ಕಿತು. ಮೇಲೆ ಪಿನ್ನಿನ ಪಟ್ಟಿ, ನಡುವೆ ಮಾಸಿದ ತಿಳಿನೀಲಿ ರಿಬ್ಬನ್, ಕೆಳಗೆ ಬೆಳ್ಳಿಯ ಮೂಲೆಮಟ್ಟ. ಮೂಲೆಮಟ್ಟದೊಳಗೆ ಜೋತಾಡುವ ಪುಟ್ಟ ತಗಡು. ತಗಡಿನ ಮೇಲೆ ತ್ರಿಕೋನ, ಅದರ ಮೂರೂ ಬದಿಗೆ ಮೂರು ಚೌಕ.

"ನಮ್ಮ ಆಚಾರ್ರದ ಇರಬೇಕ್ರೀ ಸರ" ಅಂದರು ಪತ್ತಾರರು.

ಅರ್ಧ ಸರಿ. ಅದು ಫ್ರೀಮೇಸನ್ನರದು. ಕಲ್ಲುಕುಟಿಗರ ಸಲಕರಣೆಗಳನ್ನು ಗುರುತಾಗಿ ಎರವಲು ಪಡೆದು, ಉಳಿ ಹಿಡಿದೇ ಗೊತ್ತಿಲ್ಲದ ವಕೀಲರೂ ಸೈನ್ಯಾಧಿಕಾರಿಗಳೂ ಕಟ್ಟಿಕೊಂಡ ಬಳಗ. ಇಂಗ್ಲಿಷರ ಜೊತೆ ಇಲ್ಲಿಗೂ ಬಂತು. ಸನ್ಯಾಸಿ ವಿವೇಕಾನಂದರಾಗುವ ಮುಂಚೆ ನರೇಂದ್ರನಾಥ ದತ್ತ 1884ರಲ್ಲಿ ಕಲ್ಕತ್ತೆಯ ಲಾಡ್ಜೊಂದಕ್ಕೆ, ಅಂದರೆ ಈ ಬಳಗದ ಘಟಕವೊಂದಕ್ಕೆ, ಸೇರಿದ್ದರು. ಭಾರತದ್ದೇ ಗ್ರ್ಯಾಂಡ್ ಲಾಡ್ಜ್ ಆದದ್ದು 1961ರಲ್ಲಿ. ಇವರಿಗೆ ಸಮಾರಂಭಕ್ಕೊಂದು ಪದಕ ಬೇಕು: ಹೊಸ ಲಾಡ್ಜಾದರೆ ಸ್ಥಾಪಕರಿಗೆ, ನೂರು ವರ್ಷ ತುಂಬಿದರೆ ಸದಸ್ಯರಿಗೆ. ತ್ರಿಕೋನದ್ದು ಲಾಡ್ಜಿನ ಯಜಮಾನಿಕೆ ಮುಗಿಸಿ ಇಳಿದವರದು. ಆ ಚಿತ್ರ ಯೂಕ್ಲಿಡನ ಮೊದಲ ಪುಸ್ತಕದ 47ನೇ ಪ್ರಮೇಯ. ಬೌಧಾಯನರ ಶುಲ್ಬಸೂತ್ರದಲ್ಲೂ ಇದೆ. ಎರಡನ್ನೂ ಓದದ ನಮ್ಮೂರ ಗೌಂಡಿ ಪಾಯ ಗುರುತು ಮಾಡುವಾಗ ದಾರದಲ್ಲಿ 3, 4, 5 ಅಡಿ ಅಳೆದು ಮೂಲೆ ಕೂಡಿಸುವುದೂ ಇದೇ ಲೆಕ್ಕದ ಮೇಲೆ.

ಇಂಥವನ್ನು ಸಂಗ್ರಹಿಸುವವರು ಮೊದಲು ತಿರುಗಿಸಿ ನೋಡುವುದು ಹಿಂಬದಿ. ಲಂಗರಿನ ಮುದ್ರೆ ಇದ್ದರೆ ಬರ್ಮಿಂಗ್‌ಹ್ಯಾಂನಲ್ಲಿ ಬೆಳ್ಳಿಯ ಪರೀಕ್ಷೆ ಆಗಿದೆ ಎಂದರ್ಥ, ಪಕ್ಕದ ಅಕ್ಷರ ಇಸವಿ ಹೇಳುತ್ತದೆ. ಆಮೇಲೆ ಹೆಸರು. ಇದರಲ್ಲಿ ಲಂಗರು ಸ್ಪಷ್ಟ, ಹೆಸರು ಮಾತ್ರ ಯಾರೋ ಹುಣಿಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಅಳಿಸಿದಂತಿತ್ತು. ಪದಕವನ್ನು ಬೆಳಗುವುದು ಪಾಪ ಎಂದೇ ನನ್ನ ಅಭಿಪ್ರಾಯ, ಮನೆಯವರು ಒಪ್ಪುವುದಿಲ್ಲ.

ಬೇಲೂರಿನ ಮದನಿಕೆಯರ ಪೀಠದಲ್ಲಿ ಬಳ್ಳಿಗಾವೆಯ ಶಿಲ್ಪಿ ದಾಸೋಜನ ಹೆಸರು ಈಗಲೂ ಓದಲು ಬರುತ್ತದೆ. ಕಲ್ಲನ್ನು ಕರಗಿಸಿ ಕಾಲ್ಗೆಜ್ಜೆ ಮಾಡಲಾಗದು ನೋಡಿ. ಬೆಳ್ಳಿ ಪದಕದ ಶತ್ರು ಅದರ ಬೆಳ್ಳಿಯೇ. ಹಾಗೆಂದು ಬೆಲೆಯಿಲ್ಲದ್ದು ಉಳಿಯುತ್ತದೆಯೇ? 2023ರ ಜನವರಿಯಲ್ಲಿ ಹಾವೇರಿಯಲ್ಲಿ ನಡೆದ 86ನೆಯ ಸಾಹಿತ್ಯ ಸಮ್ಮೇಳನದ ನನ್ನ ಬ್ಯಾಜು ಮನೆಯಲ್ಲಿ ಎಲ್ಲಿದೆಯೋ ಕಾಣೆ. ಸನ್ಮಾನಗಳಲ್ಲಿ ಬಂದ ಏಲಕ್ಕಿ ಹಾರವಂತೂ ಒಂದೊಂದೇ ಕಾಯಿ ಬಿಚ್ಚಿಕೊಂಡು ಪಾಯಸ ಸೇರಿತು.

ನಾನು ಬೆಲೆ ಕೇಳಿದೆ. ಪತ್ತಾರರು ತಕ್ಕಡಿ ಎಳೆದುಕೊಂಡು, ರಿಬ್ಬನ್ ಕತ್ತರಿಸಲು ಕತ್ತರಿ, ಪಿನ್ನು ಕೀಳಲು ಇಕ್ಕಳ ತೆಗೆದರು. "ಬ್ಯಾಡ್ರೀ, ಹಂಗ ಇರ್ಲಿ" ಎಂದು ಕೈ ಹಿಡಿದೆ. ಪಿನ್ನಿನ ತುದಿ ಬಾಗಿತ್ತು. ಎಷ್ಟು ಸಂಜೆ ಯಾರ ಕೋಟಿಗೆ ಚುಚ್ಚಿಕೊಂಡಿತ್ತೋ.

"ಇದು ಬೆಳ್ಳಿ ಅಲ್ರೀ ಸರ, ಉಕ್ಕು. ತೂಕದಾಗ ನಿಮಗs ಲುಕ್ಸಾನು" ಅಂದರು ಪತ್ತಾರರು, ನಿಜವಾದ ಕಾಳಜಿಯಿಂದ. ಪಿನ್ನು, ರಿಬ್ಬನ್ ಎಲ್ಲ ಸೇರಿಸಿ ಬೆಳ್ಳಿಯ ದರಕ್ಕೇ ತೂಗಿಸಿಕೊಂಡು ಬಂದೆ.