ನಾಯಿ ಬೊಗಳಿದರೆ ಕ್ಲಾಸ್ ಅರ್ಥವಾಗುತ್ತಾ?

ಮೊನ್ನೆ ಊರಿಗೆ ಹೋದಾಗ ಕಾಕಾನ ಮಗ ಜಾವಾ ಪುಸ್ತಕ ಹಿಡಿದು ಬಂದ. "ಅಣ್ಣಾ, ಕ್ಲಾಸ್ ಅಂದ್ರ ಬ್ಲೂಪ್ರಿಂಟ್ ಅಂತ ಬಾಯಿಪಾಠ ಆಗ್ಯದ. ಖರೇ ಅಂದ್ರ ಏನದು?" ಕನ್ನಡ ಮೀಡಿಯಂ ಹುಡುಗ, ತಾನೇ ದಡ್ಡ ಅಂದುಕೊಂಡಿದ್ದಾನೆ.

ನಾನೂ ಹೀಗೇ ಪಾಸಾದವನು. ನಾಯಿ ಅನ್ನೋ ಕ್ಲಾಸ್, ಅದರೊಳಗೆ ಬೊಗಳೋ ಮೆಥಡ್... ಆರು ವರ್ಷದ ಕೆಲಸದಲ್ಲಿ ಒಂದು ನಾಯಿಯನ್ನೂ ಬೊಗಳಿಸಿಲ್ಲ ಸ್ವಾಮಿ!

ನಮ್ಮ ಭೂಸನೂರಿನ ಸಕ್ಕರೆ ಕಾರ್ಖಾನೆ ಮುಂದಿನ ಕಬ್ಬಿನ ಟ್ರ್ಯಾಕ್ಟರ್ ಸಾಲು ಪಾಠಕ್ಕೆ ಯಾಕೆ ಬರಬಾರದು? ಖಾಲಿ ತೂಕದ ಚೀಟಿಯ ನಮೂನೆ ಕ್ಲಾಸ್. ರೈತನ ಹೆಸರು, ಗಾಡಿ ನಂಬರು, ತೂಕ ತುಂಬಿದ ಒಂದೊಂದು ಚೀಟಿಯೂ ಆಬ್ಜೆಕ್ಟ್. ಒಟ್ಟು ತೂಕದಲ್ಲಿ ಖಾಲಿ ಗಾಡಿ ತೂಕ ಕಳೆಯುವುದು ಮೆಥಡ್. ತೂಕವನ್ನು ಕಂಡಕಂಡವರು ತಿದ್ದಬಾರದು, ಅದಕ್ಕೇ ಪ್ರೈವೇಟ್. ಕಬ್ಬು ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕೇ?

ಊರಭಿಮಾನ ಅನ್ನಬೇಡಿ. ಕ್ಲಾಸ್ ಹುಟ್ಟಿದ್ದೇ ಇಂಥ ಸಾಲಿನಿಂದ. 1967ರ ಸಿಮುಲಾ ಭಾಷೆಗೆ ಅದನ್ನು ತಂದ ನಾರ್ವೆಯ ಡಾಲ್, ನೈಗಾರ್ಡ್ ಅವರ ತಲೆಯಲ್ಲಿದ್ದದ್ದು ಸೇತುವೆಯ ಟೋಲ್ ಮುಂದೆ ನಿಂತ ಲಾರಿ, ಬಸ್ಸುಗಳು. ನಾಯಿ ಆಮೇಲೆ ಎಲ್ಲಿಂದ ನುಗ್ಗಿತೋ!

ರಾತ್ರಿ ತಮ್ಮ ಚೀಟಿಯ ಕ್ಲಾಸ್ ಬರೆದ. ಬರೆಯುತ್ತಾ ಕೇಳಿದ: "ಅಣ್ಣಾ, ಟನ್ನಿನ ರೇಟು ಚೀಟಿಗೊಂದು ಇಡ್ಲೋ, ಎಲ್ಲಾ ಚೀಟಿಗೂ ಸೇರಿ ಒಂದೇ ಇಡ್ಲೋ?" ಸ್ಟ್ಯಾಟಿಕ್ ಅನ್ನೋ ಪದ ನಾನಿನ್ನೂ ಎತ್ತಿರಲೇ ಇಲ್ಲ.