ಸ್ಕ್ಯಾನ್ ಚಲೋ ಐತಿ, ಬೆಳಕು ಯಾಕ ಚುಚ್ಚತೈತಿ?

ಗುತ್ತಲದಿಂದ ಹಾವೇರಿಗೆ ಬೈಕಿನ ಮೇಲೆ ಹೊರಟವನು ಬಿದ್ದ ಅನ್ನಿ. ಇಲ್ಲವೇ ದೀಪಾವಳಿಯ ನಂತರ ನಮ್ಮ ಕಡೆ ನಡೆಯುವ ಕೊಬ್ಬರಿ ಹೋರಿ ಸ್ಪರ್ಧೆಯಲ್ಲಿ ಹೋರಿ ಕೆಡವಿತು. ಎರಡು ನಿಮಿಷ ಎಚ್ಚರ ತಪ್ಪಿ ಎದ್ದು ಕೂತ. ಸ್ಕ್ಯಾನ್ ಆಯಿತು. 'ಏನೂ ಆಗಿಲ್ಲ, ಮನೀಗೆ ಹೋಗ್ರಿ' ಅಂದರು. ತಿಂಗಳು ಕಳೆದರೂ ಅವನು ಅಂಗಳಕ್ಕೆ ಬರಲಾರ. ತಗಡಿನ ಮೇಲಿನ ಬಿಸಿಲು, ಟ್ಯೂಬ್‌ಲೈಟು, ಎದುರಿನ ಲಾರಿಯ ದೀಪ ಎಲ್ಲವೂ ಸೂಜಿ. ಬ್ಯಾಡಗಿಯಲ್ಲಿ ಹಮಾಲಿ ಮಾಡುವವನಾದರೆ ಹರವಿದ ಮೆಣಸಿನಕಾಯಿಯ ಮುಂದೆ ಮಟಮಟ ಮಧ್ಯಾಹ್ನ ನಿಲ್ಲುವುದು ಹೇಗೆ? 'ದುಡ್ಯಾಕ ಒಲ್ಲೆ ಅಂತ ನಾಟಕ ಮಾಡ್ತಾನ' ಎಂಬ ಮಾತು ಮನೆಯೊಳಗೇ ಹುಟ್ಟುತ್ತದೆ.

ನಾಟಕ ಅಲ್ಲ ಅದು. ಸಿಟಿ ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಕಾಣುತ್ತದೆ, ಬುರುಡೆಯ ಬಿರುಕು ಕಾಣುತ್ತದೆ. ನರತಂತುಗಳು ಜಗ್ಗಿ ಮಿದುಳಿನ ಕೆಲಸ ಏರುಪೇರಾದದ್ದು ಕಾಣುವುದಿಲ್ಲ. ಬೆಳಕಿನ ಸುದ್ದಿ ಒಯ್ಯುವ ದಾರಿಯೂ ತಲೆನೋವಿನ ದಾರಿಯೂ ಮಿದುಳಿನ ಥಾಲಮಸ್ ಎಂಬ ಭಾಗದಲ್ಲಿ ಕೂಡುತ್ತವೆ. ಪೆಟ್ಟು ತಿಂದ ಮಿದುಳಿಗೆ ಸಾಧಾರಣ ಬೆಳಕೂ ನೋವಾಗುವುದಕ್ಕೆ ಇದೊಂದು ಕಾರಣ.

ಇಂಥವರಿಗೆ ನ್ಯೂರೋಫೀಡ್‌ಬ್ಯಾಕ್ ಎಂಬ ಚಿಕಿತ್ಸೆಯ ಹೆಸರು ಈಗ ಕೇಳಿಬರುತ್ತಿದೆ. ತಲೆಗೆ ಎಲೆಕ್ಟ್ರೋಡ್ ಅಂಟಿಸಿ ಮಿದುಳಿನ ಅಲೆಗಳನ್ನು ಅಳೆಯುತ್ತಾರೆ. ಅಲೆ ಬೇಕಾದ ಲಯಕ್ಕೆ ಬಂದಾಗ ಪರದೆಯ ಮೇಲಿನ ಚಿತ್ರ ಬದಲಾಗುತ್ತದೆ, ಇಲ್ಲವೇ ಸದ್ದು ಕೇಳುತ್ತದೆ. ಮತ್ತೆ ಮತ್ತೆ ಕೂತು ಮಿದುಳು ಆ ಲಯ ಕಲಿಯಬೇಕು. ಗುಳಿಗೆಯಿಲ್ಲ, ಕರೆಂಟು ಹಾಯಿಸುವುದೂ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಜಮುನಾ ರಾಜೇಶ್ವರನ್ ಮತ್ತು ಸಂಗಡಿಗರು ತಲೆಗೆ ಪೆಟ್ಟಾದವರ ಮೇಲೆ ಇದನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದರು. ನೆನಪು, ಗಮನ, ದಿನದ ಬದುಕು ಸುಧಾರಿಸಿದ್ದನ್ನು ಕಂಡರು. ಬೆಳಕಿನ ನೋವೊಂದಕ್ಕೇ ಇದು ಮದ್ದು ಎನ್ನುವಷ್ಟು ಗಟ್ಟಿ ಪುರಾವೆ ಇನ್ನೂ ಇಲ್ಲ. ಆದ್ದರಿಂದ ಗ್ಯಾರಂಟಿ ಗುಣ ಮಾಡುತ್ತೇವೆ ಎನ್ನುವವರಿಗೆ ಹೊಲ ಅಡವಿಟ್ಟು ದುಡ್ಡು ಕೊಡಬೇಡಿ. ಸಣ್ಣ ಪೆಟ್ಟಿನ ತೊಂದರೆ ಬಹಳ ಮಂದಿಗೆ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ.

ಇಳಿಯದವರ ಗತಿ ಏನು? ಈ ಚಿಕಿತ್ಸೆಗೆ ಸುಮಾರು 20 ಸಲ ಕೂರಬೇಕು. ಗುತ್ತಲದ ಕೂಲಿಯವನು ಮುನ್ನೂರು ಕಿಲೋಮೀಟರಿಗೂ ಆಚೆ ಇರುವ ಬೆಂಗಳೂರಿಗೆ 20 ಸಲ ಹೋಗಿ ಬರುವುದು ಆಗದ ಮಾತು. ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಡಿಮ್ಹಾನ್ಸ್ ಅದರ ಅರ್ಧದಷ್ಟೂ ದೂರವಿಲ್ಲ. ಪುರಾವೆ ಸಾಲದಿದ್ದರೆ ಪರೀಕ್ಷೆ ಅಲ್ಲೇ ನಡೆಯಲಿ, ನಮ್ಮ ಭಾಗದ ರೋಗಿಗಳ ಮೇಲೆ, ಬಿಡಿಗಾಸು ಪಡೆಯದೆ. ಇದು ನನ್ನ ಬೇಡಿಕೆ.

ಅಷ್ಟರವರೆಗೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಆಸ್ಪತ್ರೆಗಳಲ್ಲಿ ದುಡ್ಡಿಲ್ಲದೆ ಆಗುವ ಕೆಲಸವೂ ಇದೆ. ಮನೆಗೆ ಕಳಿಸುವ ಮುನ್ನ ಮನೆಯವರನ್ನು ಕೂರಿಸಿಕೊಂಡು ಹೇಳಬೇಕು: ಕೆಲವು ದಿನ ಬೆಳಕು, ಸದ್ದು ತಡೆಯಲಾರ, ಬೈಯಬೇಡಿ. ಹಾಗಂತ ತಿಂಗಳುಗಟ್ಟಲೆ ಕತ್ತಲ ಕೋಣೆಯಲ್ಲೂ ಇಡಬೇಡಿ. ಮನೆಯೊಳಗೂ ಕರಿ ಕನ್ನಡಕ ಹಾಕಿಕೊಂಡೇ ಇದ್ದರೆ ಕಣ್ಣು ಕತ್ತಲಿಗೆ ಒಗ್ಗಿ ಬೆಳಕು ಇನ್ನಷ್ಟು ಚುಚ್ಚುತ್ತದೆ. ಬಿಸಿಲಿಗೆ ಟೋಪಿ ಸಾಕು, ದಿನಕ್ಕಿಷ್ಟು ಬೆಳಕಿಗೆ ಬರಲಿ. ತಲೆನೋವು ಏರಿದರೆ, ವಾಂತಿಯಾದರೆ, ಮಂಪರು ಕವಿದರೆ ತಡಮಾಡದೆ ಕರೆತನ್ನಿ. ಏನೂ ಆಗದಿದ್ದರೂ ತಿಂಗಳ ಮೇಲೆ ಒಮ್ಮೆ ಕರೆಸಿ ಕೇಳಬೇಕು: 'ಬೆಳಕು ಇನ್ನೂ ಚುಚ್ಚತೈತೇನಪ?'